ಕಟ್ಟಡ ಸಾಮಗ್ರಿಯ ಬಾಕಿ: ಯಾವ ದಿನದೊಳಗೆ ಏನು ಮಾಡಬೇಕು?

ಪೆರ್ಲ, ಬದಿಯಡ್ಕ, ಉಪ್ಪಳ, ವಿಟ್ಲ, ಪುತ್ತೂರು, ಸುಳ್ಯ ಕಡೆಯ ನಮ್ಮ ಸದಸ್ಯರಲ್ಲಿ ಕೆಂಪುಕಲ್ಲು, ಜಲ್ಲಿ, ಹೊಯ್ಗೆ, ಸಿಮೆಂಟು, ಕಬ್ಬಿಣ, ಟೈಲ್ಸ್, ಪೈಪು ವ್ಯಾಪಾರದವರು ಬಹಳ ಮಂದಿ ಇದ್ದಾರೆ. ಸಿಮೆಂಟ್ ಬ್ಲಾಕ್ ಮಾಡುವವರು, ವೆಲ್ಡಿಂಗ್ ಶಾಪಿನವರು, ಮರದ ಕೆಲಸದವರೂ ಇದ್ದಾರೆ. ಇವರೆಲ್ಲರ ಸಾಮಾನ್ಯ ಕಷ್ಟ ಒಂದೇ. ಸಾಮಾನು ಹೋಗಿದೆ, ಮನೆ ಎದ್ದಿದೆ, ಗೃಹಪ್ರವೇಶದ ಊಟವೂ ಆಗಿದೆ, ಹಣ ಮಾತ್ರ ಬಂದಿಲ್ಲ. "ಇನ್ನೊಂದು ವರ್ಷ ನೋಡೋಣ" ಎಂದು ಕಾಯುತ್ತಾ ಕಾಯುತ್ತಾ ಕೇಸು ಹಾಕುವ ಹಕ್ಕೇ ಹೋಗಿಬಿಡುತ್ತದೆ. ಸದಸ್ಯರು ಕೈಯಲ್ಲಿಟ್ಟುಕೊಂಡು ನೋಡಲು ಅನುಕೂಲವಾಗಲಿ ಎಂದು ಮುಖ್ಯ ಗಡುವುಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಡ್ಕಸ್ಥಳ, ಸಾರಡ್ಕದ ನಡುವೆ ರಾಜ್ಯದ ಗಡಿ ಬಂತು. ಆದರೆ ಬಾಕಿ ವಸೂಲಿಗೆ ಸಂಬಂಧಿಸಿದ ಪ್ರಮುಖ ಕಾಯ್ದೆಗಳೆಲ್ಲ ಕೇಂದ್ರದ ಕಾಯ್ದೆಗಳು. ಹಾಗಾಗಿ ಕೆಳಗೆ ಹೇಳಿದ ದಿನಗಳ ಲೆಕ್ಕ ಪೆರ್ಲಕ್ಕೂ ಒಂದೇ, ಪುತ್ತೂರಿಗೂ ಒಂದೇ. ಬೇರೆಯಾಗುವುದು ಕೋರ್ಟು, ಕೋರ್ಟು ಶುಲ್ಕ ಮತ್ತು ಕೋರ್ಟಿನ ಭಾಷೆ.

1. ಕಟ್ಟಿದ ಮನೆಯ ಮೇಲೆ ನಮಗೆ ಹಕ್ಕಿದೆಯೇ?

ವಿದೇಶದಲ್ಲಿರುವ ಬಂಧುಗಳಿಂದ ಕೇಳಿ ಕೆಲವರು ಈ ಪ್ರಶ್ನೆ ಕೇಳುತ್ತಾರೆ. ಅಮೆರಿಕದಲ್ಲಿ ಸಾಮಾನು ಕೊಟ್ಟವನಿಗೆ ಹಣ ಬಾರದಿದ್ದರೆ ಆ ಕಟ್ಟಡದ ಮೇಲೆಯೇ ಹಕ್ಕು ದಾಖಲಿಸಬಹುದು. ಇದನ್ನು ವಕೀಲರ ಭಾಷೆಯಲ್ಲಿ 'ಲೀನ್' ಎನ್ನುತ್ತಾರೆ. 1791ರಲ್ಲಿ ವಾಷಿಂಗ್ಟನ್ ನಗರ ಕಟ್ಟುವ ಕಾಲಕ್ಕೆ ಮೇರಿಲ್ಯಾಂಡ್ ರಾಜ್ಯ ಇಂಥ ಕಾನೂನು ಮಾಡಿತು. ಇಂದು ಕ್ಯಾಲಿಫೋರ್ನಿಯಾದಲ್ಲಿ ಸಾಮಗ್ರಿ ಪೂರೈಸುವವರು ಮೊದಲು ಮುನ್ಸೂಚನೆಯ ನೋಟೀಸು ಕೊಟ್ಟಿರಬೇಕು. ಆಮೇಲೆ ಕೆಲಸ ಮುಗಿದು 90 ದಿನಗಳೊಳಗೆ ಹಕ್ಕು ದಾಖಲಿಸಬೇಕು. ಮಾಲೀಕ ಕೆಲಸ ಮುಗಿದ ಪತ್ರವನ್ನು ದಾಖಲಿಸಿದ್ದರೆ ಇರುವುದು 30 ದಿನ ಮಾತ್ರ. ಕೆನಡಾದ ಒಂಟಾರಿಯೋದಲ್ಲಿ ಈ ಗಡುವು 60 ದಿನ.

ನಮ್ಮ ದೇಶದಲ್ಲಿ ಇಂಥ ವ್ಯವಸ್ಥೆ ಇಲ್ಲ. ನಾವು ಕೊಟ್ಟ ಕಲ್ಲು ಗೋಡೆಗೆ ಸೇರಿದ ಮೇಲೆ ಅದು ಜಾಗದ ಭಾಗ. ಆ ಗೋಡೆಯ ಮೇಲೆ ಹಕ್ಕು ದಾಖಲಿಸಲು ಯಾವ ಕಚೇರಿಯೂ ಇಲ್ಲ. ಮಾಲೀಕರು ತಾವಾಗಿ ಜಾಗವನ್ನು ಅಡವಿಟ್ಟು ನೋಂದಾಯಿತ ಪತ್ರ ಮಾಡಿಕೊಟ್ಟರೆ ಮಾತು ಬೇರೆ. ಆಗ ವಸೂಲಿಗೆ 12 ವರ್ಷ ಕಾಲಾವಕಾಶ ಸಿಗುತ್ತದೆ. ಆದರೆ ಎರಡು ಲೋಡು ಕಲ್ಲಿಗೆ ಅಡಮಾನ ಪತ್ರ ಮಾಡಿಸುವವರು ಯಾರು?

ಹಾಗೆಂದು ನಮ್ಮ ಕಾನೂನಿನಲ್ಲಿ ಲೀನ್ ಇಲ್ಲವೇ ಇಲ್ಲ ಎಂದಲ್ಲ. ಸಾಮಾನು ನಮ್ಮ ಕೈಯಲ್ಲಿ ಇರುವವರೆಗೆ ಇದೆ.

2. ಸಾಮಾನು ಅಂಗಡಿಯಲ್ಲಿ ಇರುವಾಗ

1930ರ ಸರಕು ಮಾರಾಟ ಕಾಯ್ದೆಯ 47ನೇ ಕಲಮಿನ ಪ್ರಕಾರ, ಮಾರಾಟವಾದ ಸಾಮಾನು ಇನ್ನೂ ನಮ್ಮ ಸ್ವಾಧೀನದಲ್ಲಿದ್ದರೆ ಹಣ ಬರುವವರೆಗೆ ತಡೆಹಿಡಿಯಬಹುದು. ಇದಕ್ಕೆ ಮೂರು ಸಂದರ್ಭಗಳಿವೆ: ಸಾಲದ ಮಾತಿಲ್ಲದೆ ಮಾರಿದ್ದು, ಸಾಲದ ಅವಧಿ ಮುಗಿದಿರುವುದು, ಕೊಂಡವರು ದಿವಾಳಿ ಸ್ಥಿತಿಗೆ ಬಂದಿರುವುದು. ಇಲ್ಲಿ ದಿವಾಳಿ ಎಂದರೆ ಕೋರ್ಟು ಘೋಷಿಸಿದ ದಿವಾಳಿಯೇ ಆಗಬೇಕೆಂದಿಲ್ಲ. ವ್ಯವಹಾರದ ಬಾಕಿಗಳನ್ನು ಕೊಡುವುದನ್ನೇ ನಿಲ್ಲಿಸಿದವರೂ ಈ ಕಾಯ್ದೆಯ ಮಟ್ಟಿಗೆ ದಿವಾಳಿಯೇ.

ಒಂದೇ ವ್ಯಾಪಾರದ 500 ಚೀಲ ಸಿಮೆಂಟಿನಲ್ಲಿ 200 ಹೋಗಿದ್ದರೆ ಉಳಿದ 300ನ್ನು ತಡೆಯುವ ಹಕ್ಕು ಸಾಮಾನ್ಯವಾಗಿ ಉಳಿಯುತ್ತದೆ. ಲಾರಿ ದಾರಿಯಲ್ಲಿರುವಾಗ ಕೊಂಡವರು ದಿವಾಳಿಯಾದದ್ದು ತಿಳಿದರೆ ಸಾಗಣೆದಾರನಿಗೆ ಹೇಳಿ ಸಾಮಾನನ್ನು ಹಿಂದಕ್ಕೆ ತರಿಸಿಕೊಳ್ಳಬಹುದು. ಆದರೆ ಕೊಂಡವರು ಸಾಮಾನನ್ನು ಒಮ್ಮೆ ನ್ಯಾಯವಾಗಿ ಪಡೆದುಕೊಂಡರೆ ಈ ಹಕ್ಕು ಮುಗಿಯಿತು. ರಾತ್ರಿ ಹೋಗಿ ಸೈಟಿನಿಂದ ಕಬ್ಬಿಣ ಎತ್ತಿಕೊಂಡು ಬಂದರೆ ನಮ್ಮ ಮೇಲೆಯೇ ಕಳ್ಳತನದ ದೂರು ಬೀಳುತ್ತದೆ.

ಕೆಲಸಗಾರರಿಗೆ ಇನ್ನೊಂದು ಹಕ್ಕಿದೆ. 1872ರ ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ, ಬೇರೆಯವರ ವಸ್ತುವಿನ ಮೇಲೆ ತನ್ನ ಶ್ರಮ ಅಥವಾ ಕೌಶಲ ಹಾಕಿದವನು ಅದರ ಕೂಲಿ ಸಿಗುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳಬಹುದು. ಗಿರಾಕಿ ತಂದುಕೊಟ್ಟ ಹಲಸಿನ ಮರದಿಂದ ದಾರಂದ ಮಾಡಿದ ಆಚಾರಿ, ಗಿರಾಕಿಯ ಕಬ್ಬಿಣದಿಂದ ಗೇಟು ಮಾಡಿದ ವೆಲ್ಡರ್ ಈ ಹಕ್ಕನ್ನು ಬಳಸಬಹುದು. ದಾರಂದ ಶಾಪಿನಲ್ಲೇ ಇರಬೇಕು, ಮತ್ತು ಆ ಕೆಲಸದ ಕೂಲಿಗೆ ಮಾತ್ರ ಈ ಹಕ್ಕು ಅನ್ವಯ. ಹಿಂದಿನ ವರ್ಷದ ಬೇರೆ ಬಾಕಿಗೆ ಈಗಿನ ದಾರಂದವನ್ನು ಹಿಡಿದಿಡಲಾಗದು.

3. ಮೂರು ವರ್ಷ: ಎಲ್ಲಿಂದ ಎಣಿಸಬೇಕು?

ಸಾಮಾನು ಹೋದ ಮೇಲೆ ಉಳಿಯುವುದು ಹಣಕ್ಕಾಗಿ ದಾವೆ ಹೂಡುವ ಹಕ್ಕು. ಅದಕ್ಕೆ 1963ರ ಕಾಲಮಿತಿ ಕಾಯ್ದೆ ಮೂರು ವರ್ಷ ಕೊಟ್ಟಿದೆ. "ಮೂರು ವರ್ಷ" ಎಂಬುದು ಎಲ್ಲರಿಗೂ ಗೊತ್ತು. ಎಣಿಕೆ ಎಲ್ಲಿಂದ ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ.

ಸಾಲದ ಅವಧಿ ಗೊತ್ತುಮಾಡದೆ ಸಾಮಾನು ಕೊಟ್ಟಿದ್ದರೆ, ಸಾಮಾನು ತಲುಪಿಸಿದ ದಿನದಿಂದ ಮೂರು ವರ್ಷ (14ನೇ ವಿಧಿ).

ಇಂತಿಷ್ಟು ದಿನದ ಸಾಲ ಎಂದು ಗೊತ್ತುಮಾಡಿ ಕೊಟ್ಟಿದ್ದರೆ, ಆ ಅವಧಿ ಮುಗಿದ ದಿನದಿಂದ ಮೂರು ವರ್ಷ (15ನೇ ವಿಧಿ).

ಹಣ ಕೊಡುವ ದಿನ ಗೊತ್ತುಮಾಡದೆ ಕೆಲಸ ಮಾಡಿಕೊಟ್ಟಿದ್ದರೆ, ಕೆಲಸ ಮುಗಿದ ದಿನದಿಂದ ಮೂರು ವರ್ಷ (18ನೇ ವಿಧಿ). ಪ್ಲಂಬರ್, ಟೈಲ್ಸ್ ಹಾಕುವವರು, ಮೇಸ್ತ್ರಿಗಳಿಗೆ ಇದು ಅನ್ವಯ.

ಇಲ್ಲಿ ಎರಡು ಸಂಗತಿಗಳನ್ನು ಒತ್ತಿ ಹೇಳಬೇಕು.

ಮೊದಲನೆಯದು: ಅಂಗಡಿಯ ಸಾಲದ ಪುಸ್ತಕದಲ್ಲಿ ಪ್ರತಿಯೊಂದು ಲೋಡಿಗೂ ಪ್ರತ್ಯೇಕ ಗಡಿಯಾರ ಓಡುತ್ತದೆ. ಮನೆ ಕಟ್ಟುವುದು ಎರಡು ವರ್ಷದ ಕೆಲಸ. ಪಂಚಾಂಗಕ್ಕೆ ಕೊಟ್ಟ ಕಲ್ಲಿನ ಬಾಕಿ, ಪೈಂಟಿನ ಬಾಕಿಗಿಂತ ಎರಡು ವರ್ಷ ಮೊದಲೇ ಸಾಯುತ್ತದೆ. ಉದಾಹರಣೆಗೆ 2023ರ ಜೂನ್ 10ರಂದು ಕಲ್ಲು, 2024ರ ಫೆಬ್ರವರಿ 5ರಂದು ಸಿಮೆಂಟು, 2025ರ ಜನವರಿ 20ರಂದು ಟೈಲ್ಸ್ ಕೊಟ್ಟಿದ್ದೀರಿ ಎನ್ನೋಣ. ಸಾಲದ ಅವಧಿ ಬರೆದಿಲ್ಲ, ನಡುವೆ ಹಣವೂ ಬಂದಿಲ್ಲ. ಕಲ್ಲಿನ ದಾವೆಗೆ ಕೊನೆಯ ದಿನ 2026ರ ಜೂನ್ 10, ಸಿಮೆಂಟಿಗೆ 2027ರ ಫೆಬ್ರವರಿ 5, ಟೈಲ್ಸಿಗೆ 2028ರ ಜನವರಿ 20. "ಕೊನೆಯ ಸಾಮಾನು ಕೊಟ್ಟದ್ದು 2025ರಲ್ಲಿ, ಹಾಗಾಗಿ ಎಲ್ಲದಕ್ಕೂ 2028ರವರೆಗೆ ಸಮಯ ಇದೆ" ಎಂದು ಕುಳಿತರೆ ಕಲ್ಲಿನ ಹಣವೂ ಸಿಮೆಂಟಿನ ಹಣವೂ ಹೋದಂತೆ. ಕಾಯ್ದೆಯ 1ನೇ ವಿಧಿಯಲ್ಲಿ ವರ್ಷಾಂತ್ಯದಿಂದ ಎಣಿಸುವ ಸೌಲಭ್ಯ ಇದೆ. ಆದರೆ ಅದು ಎರಡೂ ಕಡೆಯವರು ಪರಸ್ಪರ ಕೊಡುವ, ಪರಸ್ಪರ ಕೇಳುವ ಲೆಕ್ಕಕ್ಕೆ ಮಾತ್ರ. ಒಬ್ಬರು ಸಾಮಾನು ಕೊಟ್ಟು ಇನ್ನೊಬ್ಬರು ಆಗಾಗ ಹಣ ಕಟ್ಟುವ ಸಾಮಾನ್ಯ ಅಂಗಡಿ ಲೆಕ್ಕ ಅದರಲ್ಲಿ ಬರುವುದಿಲ್ಲ.

ಎರಡನೆಯದು: "ಅಡಿಕೆ ಮಾರಿದ ಮೇಲೆ ಕೊಡುತ್ತೇನೆ", "ಬ್ಯಾಂಕಿನ ಲೋನು ಪಾಸಾದ ಮೇಲೆ ಕೊಡುತ್ತೇನೆ" ಎಂಬ ಮಾತುಗಳು ನಮ್ಮ ಕಡೆ ನಡೆಯುತ್ತವೆ. ಅಡಿಕೆಯನ್ನು ಈ ವರ್ಷವೂ ಮಾರಬಹುದು, ದರ ಏರಲಿ ಎಂದು ಮುಂದಿನ ವರ್ಷದವರೆಗೆ ಇಟ್ಟುಕೊಳ್ಳಲೂಬಹುದು. ಇದು ಗೊತ್ತುಪಡಿಸಿದ ಅವಧಿಯೇ ಎಂಬ ವಾದಕ್ಕೆ ಜಾಗ ಕೊಡಬೇಡಿ. ಬಿಲ್ಲಿನಲ್ಲಿ "ಸಾಲದ ಅವಧಿ 60 ದಿನ" ಎಂದೋ ನಿರ್ದಿಷ್ಟ ತಾರೀಕನ್ನೋ ಬರೆದು ಗಿರಾಕಿಯ ಸಹಿ ಪಡೆಯಿರಿ. ಸಾಲದ ಅವಧಿ ಬರೆಯದ ಬಿಲ್ಲಿಗೆ ಸಾಮಾನು ತಲುಪಿದ ದಿನದಿಂದಲೇ ಎಣಿಕೆ ಎಂದು ಲೆಕ್ಕ ಹಾಕಿಕೊಳ್ಳುವುದೇ ಕ್ಷೇಮ.

ಎಣಿಕೆಯ ಇತರ ನಿಯಮಗಳು ಹೀಗಿವೆ.

ಮೊದಲ ದಿನವನ್ನು ಬಿಟ್ಟು ಎಣಿಸಬೇಕು. ಕೊನೆಯ ದಿನ ಕೋರ್ಟಿಗೆ ರಜೆ ಇದ್ದರೆ ಕೋರ್ಟು ತೆರೆದ ದಿನ ಹಾಕಬಹುದು. ಬೇಸಿಗೆ ರಜೆಗೂ ಇದು ಅನ್ವಯ.

ಗಡುವು ಮೀರಿದ ದಾವೆಯನ್ನು, ಎದುರಾಳಿ ಆಕ್ಷೇಪಿಸದಿದ್ದರೂ, ಕೋರ್ಟು ವಜಾ ಮಾಡಲೇಬೇಕು. ತಡವಾದದ್ದಕ್ಕೆ ಕಾರಣ ಹೇಳಿ ಕ್ಷಮೆ ಕೇಳುವ ಸೌಲಭ್ಯ ಮೇಲ್ಮನವಿಗೆ ಇದೆ, ದಾವೆಗೆ ಇಲ್ಲ.

ಒಮ್ಮೆ ಆರಂಭವಾದ ಎಣಿಕೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಗಿರಾಕಿ ತೀರಿಕೊಂಡರೂ ಓಡುತ್ತಲೇ ಇರುತ್ತದೆ. ಆಗ ವಾರಸುದಾರರ ಮೇಲೆ, ಅವರಿಗೆ ಬಂದ ಆಸ್ತಿಯ ಮಟ್ಟಿಗೆ, ದಾವೆ ಹೂಡಬೇಕಾಗುತ್ತದೆ.

ಗಿರಾಕಿ ವಿದೇಶದಲ್ಲಿದ್ದ ಕಾಲವನ್ನು ಕಳೆಯಬಹುದು (15ನೇ ಕಲಮಿನ 5ನೇ ಉಪಕಲಮು). ದುಬಾಯಿಯಲ್ಲಿ, ಕತಾರಿನಲ್ಲಿ ದುಡಿಯುತ್ತಾ ಊರಲ್ಲಿ ಮನೆ ಕಟ್ಟಿಸುವವರು ನಮ್ಮಲ್ಲಿ ಮನೆಮನೆಗೂ ಇರುವುದರಿಂದ ಇದು ನೆನಪಿಡಬೇಕಾದ ವಿಷಯ. ಆದರೆ ಅವರು ಯಾವಾಗ ಹೋದರು, ಯಾವಾಗ ಬಂದರು ಎಂಬುದನ್ನು ನಾವೇ ಸಾಬೀತು ಮಾಡಬೇಕು. ಇದನ್ನು ಕೊನೆಯ ಆಸರೆಯಾಗಿ ಇಟ್ಟುಕೊಳ್ಳಿ, ಇದನ್ನು ನಂಬಿ ತಡಮಾಡಬೇಡಿ.

4. ಗಡುವನ್ನು ಹೊಸದಾಗಿಸುವುದು ಹೇಗೆ?

ಪ್ರತಿಯೊಬ್ಬ ಗಿರಾಕಿಯ ಮೇಲೂ ಕೇಸು ಹಾಕಲು ಆಗುವುದಿಲ್ಲ. ಊರಿನಲ್ಲಿ ಮುಖ ನೋಡಬೇಕು, ಜಾತ್ರೆಯಲ್ಲಿ ಒಟ್ಟಿಗೆ ಊಟಕ್ಕೆ ಕೂರಬೇಕು. ಸಂಬಂಧ ಕೆಡದಂತೆ ಗಡುವನ್ನು ಉಳಿಸಿಕೊಳ್ಳಲು ಕಾಯ್ದೆಯೇ ದಾರಿ ಕೊಟ್ಟಿದೆ.

ಬಾಕಿ ಒಪ್ಪಿದ ಬರಹ (18ನೇ ಕಲಮು): ಮೂರು ವರ್ಷ ಮುಗಿಯುವ ಮೊದಲು ಗಿರಾಕಿ ಬಾಕಿ ಇದೆ ಎಂದು ಬರೆದು ಸಹಿ ಹಾಕಿದರೆ, ಆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ. "ಬಾಕಿ ಇದೆ, ಆದರೆ ಈಗ ಕೊಡಲು ಆಗುವುದಿಲ್ಲ" ಎಂದು ಬರೆದರೂ ಸಾಕು. ಕನ್ನಡದಲ್ಲಿ ಬರೆದರೂ ಸಿಂಧುವೇ. ಕಾಸರಗೋಡಿನ ಕೋರ್ಟಿಗೆ ಹೋಗುವಾಗ ಅನುವಾದ ಬೇಕಾಗಬಹುದು, ಅಷ್ಟೇ. ಹೀಗೆ ಬರೆಸಿಕೊಳ್ಳಬಹುದು:

"ನಿಮ್ಮ ಅಂಗಡಿಯಿಂದ ದಿನಾಂಕ …ರಿಂದ …ರವರೆಗೆ ನನ್ನ ಮನೆ ಕಟ್ಟಲು ತೆಗೆದುಕೊಂಡ ಸಾಮಾನಿನ ಬಗ್ಗೆ ಲೆಕ್ಕ ನೋಡಲಾಗಿ ಇಂದಿಗೆ ರೂ. … ನನ್ನಿಂದ ಬರಲು ಬಾಕಿ ಇರುವುದನ್ನು ಒಪ್ಪಿದ್ದೇನೆ. ಸಹಿ, ಹೆಸರು, ದಿನಾಂಕ."

ಸಹಿ ಗಿರಾಕಿಯದೇ ಆಗಿರಬೇಕು, ಇಲ್ಲವೇ ಅವರು ಅಧಿಕಾರ ಕೊಟ್ಟವರದು. ಮೇಸ್ತ್ರಿಯ ಸಹಿ, ಸೈಟು ನೋಡಿಕೊಳ್ಳುವ ಭಾವನ ಸಹಿ ತನ್ನಿಂದ ತಾನೇ ಮನೆ ಯಜಮಾನರನ್ನು ಕಟ್ಟಿಹಾಕುವುದಿಲ್ಲ. ತಾರೀಕು ಬರೆಯುವುದನ್ನು ಮರೆಯಬೇಡಿ.

ಸ್ವಲ್ಪ ಹಣ ಕಟ್ಟಿದರೆ (19ನೇ ಕಲಮು): ಗಡುವಿನೊಳಗೆ ಭಾಗಶಃ ಹಣ ಬಂದರೆ ಆ ದಿನದಿಂದ ಹೊಸ ಮೂರು ವರ್ಷ. ಇದಕ್ಕೆ ಒಂದು ಷರತ್ತಿದೆ. ಹಣ ಕೊಟ್ಟದ್ದು ಕೊಟ್ಟವರ ಕೈಬರಹದಲ್ಲಿ ಅಥವಾ ಅವರು ಸಹಿ ಹಾಕಿದ ಬರಹದಲ್ಲಿ ಇರಬೇಕು. ನಮ್ಮ ಪುಸ್ತಕದಲ್ಲಿ ನಾವೇ "ನಗದು 5,000 ಜಮಾ" ಎಂದು ಬರೆದುಕೊಂಡರೆ ಸಾಲದು. ಚೆಕ್ಕಿನಲ್ಲಿ ಸಹಿ ಇರುತ್ತದೆ, ಒಳ್ಳೆಯದು. ಗೂಗಲ್ ಪೇ, ಫೋನ್ ಪೇ ಮೂಲಕ ಬಂದರೆ ಹಣ ಬಂದದ್ದಕ್ಕೆ ಬ್ಯಾಂಕಿನ ದಾಖಲೆ ಸಿಗುತ್ತದೆ. ಆದರೂ ಮುಂದಿನ ಸಲ ಅಂಗಡಿಗೆ ಬಂದಾಗ ಪುಸ್ತಕದಲ್ಲಿ ಒಂದು ಸಾಲು ಬರೆಸಿ ಸಹಿ ಪಡೆಯಿರಿ. ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸಬೇಡಿ. ಅವು ಸಾಕ್ಷ್ಯಕ್ಕೆ ಸಹಾಯ ಮಾಡುತ್ತವೆ, ಆದರೆ ಸಹಿಗೆ ಬದಲಾಗಿ ಅವನ್ನೇ ನೆಚ್ಚಿಕೊಳ್ಳಬೇಡಿ.

ಬಂದ ಹಣ ಯಾವ ಬಿಲ್ಲಿಗೆ: ಗಿರಾಕಿ ಇಂಥ ಬಿಲ್ಲಿಗೆಂದು ಹೇಳದೆ ಹಣ ಕೊಟ್ಟರೆ ಅದನ್ನು ಯಾವ ಬಿಲ್ಲಿಗೆ ಜಮಾ ಮಾಡಬೇಕೆಂದು ನಿರ್ಧರಿಸುವ ಹಕ್ಕು ನಮ್ಮದು (ಕರಾರು ಕಾಯ್ದೆ, 60ನೇ ಕಲಮು). ಅತ್ಯಂತ ಹಳೆಯ ಬಿಲ್ಲಿಗೆ ಜಮಾ ಮಾಡಿ ರಸೀದಿಯಲ್ಲಿ ಹಾಗೆಂದು ಬರೆಯಿರಿ. ಗಡುವು ಮೀರಿದ ಬಿಲ್ಲಿಗೂ ಹೀಗೆ ಜಮಾ ಮಾಡಿಕೊಳ್ಳಬಹುದು.

ಗಡುವು ಮೀರಿದ ಮೇಲೆ: ಬಾಕಿ ಒಪ್ಪಿಕೊಂಡರೆ ಸಾಲದು, "ಕೊಡುತ್ತೇನೆ" ಎಂಬ ಸ್ಪಷ್ಟ ವಾಗ್ದಾನ ಬರಹದಲ್ಲಿ, ಸಹಿಯೊಂದಿಗೆ ಬೇಕು. ಕರಾರು ಕಾಯ್ದೆಯ 25ನೇ ಕಲಮು ಅಂಥ ವಾಗ್ದಾನಕ್ಕೆ ಬೆಲೆ ಕೊಡುತ್ತದೆ. ಬಾಯಿಮಾತಿಗೆ ಇಲ್ಲಿ ಬೆಲೆ ಇಲ್ಲ.

5. ತಯಾರಕರಿಗೆ 45 ದಿನದ ಕಾಯ್ದೆ

ಬ್ಲಾಕ್, ಇಂಟರ್‌ಲಾಕ್, ಎಂ-ಸ್ಯಾಂಡ್, ಜಲ್ಲಿ ಮುಂತಾದವನ್ನು ತಯಾರಿಸುವ ಸಣ್ಣ ಘಟಕಗಳಿಗೆ 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆ ದೊಡ್ಡ ಬಲ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳು ಈ ಸೌಲಭ್ಯ ಪಡೆಯಬಹುದು.

ಲಿಖಿತ ಒಪ್ಪಂದ ಇಲ್ಲದಿದ್ದರೆ ಸರಕು ಸ್ವೀಕರಿಸಿದ 15 ದಿನಗಳಲ್ಲಿ ಹಣ ಬರಬೇಕು. ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. 90 ದಿನ ಎಂದು ಬರೆಸಿಕೊಂಡಿದ್ದರೂ ನಡೆಯುವುದಿಲ್ಲ.

ಸರಕಿನ ಬಗ್ಗೆ 15 ದಿನಗಳೊಳಗೆ ಬರಹದಲ್ಲಿ ಆಕ್ಷೇಪ ಬರದಿದ್ದರೆ, ತಲುಪಿಸಿದ ದಿನವೇ ಸ್ವೀಕರಿಸಿದಂತೆ.

ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ.

ದೂರು ಕೊಡಬೇಕಾದದ್ದು ನಮ್ಮ ಘಟಕ ಇರುವ ಕಡೆಯ ಫೆಸಿಲಿಟೇಶನ್ ಕೌನ್ಸಿಲಿಗೆ. ಕೊಂಡವರು ಭಾರತದಲ್ಲಿ ಎಲ್ಲಿದ್ದರೂ ಆದೀತು. ಎಣ್ಮಕಜೆ ಪಂಚಾಯತಿನ ಬ್ಲಾಕ್ ಘಟಕದವರು ಪುತ್ತೂರಿನ ಗುತ್ತಿಗೆದಾರರ ಮೇಲೆ ಕೇರಳದಲ್ಲೇ ದೂರು ಕೊಡಬಹುದು. ವಿಟ್ಲದ ಘಟಕದವರು ಕಾಸರಗೋಡಿನ ಗುತ್ತಿಗೆದಾರರ ಮೇಲೆ ಕರ್ನಾಟಕದಲ್ಲೇ ಕೊಡಬಹುದು. ಅರ್ಜಿ ಆನ್‌ಲೈನಿನಲ್ಲಿ ಸಲ್ಲಿಸಬಹುದು.

ಕೌನ್ಸಿಲಿನ ತೀರ್ಪನ್ನು ಪ್ರಶ್ನಿಸಬೇಕಾದರೆ ಕೊಂಡವರು ಮೊದಲು ಶೇ. 75ರಷ್ಟು ಹಣವನ್ನು ಠೇವಣಿ ಇಡಬೇಕು.

ಎರಡು ಎಚ್ಚರಿಕೆಗಳಿವೆ. ಒಂದು, ವ್ಯವಹಾರ ಕುದುರಿಸುವ ಮೊದಲೇ ಉದ್ಯಮ್ ನೋಂದಣಿ ಆಗಿರಲಿ. ಕೇರಳ ರಾಜ್ಯ ರಸ್ತೆ ಸಾರಿಗೆ ನಿಗಮ ಒಂದು ಕಡೆ ಇದ್ದ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು, ನಂತರ ಮಾಡಿಸಿದ ನೋಂದಣಿ ಹಿಂದಿನ ವ್ಯವಹಾರಕ್ಕೆ ಅನ್ವಯಿಸುವುದಿಲ್ಲ ಎಂದಿತು. ಕೌನ್ಸಿಲಿನ ಪಂಚಾಯ್ತಿಕೆಗೂ ಕಾಲಮಿತಿ ಕಾಯ್ದೆ ಅನ್ವಯಿಸುತ್ತದೆ ಎಂದೂ ಅದೇ ತೀರ್ಪು ಹೇಳಿತು. ಹಾಗಾಗಿ ಇಲ್ಲಿಯೂ ಮೂರು ವರ್ಷವನ್ನು ಮರೆಯುವಂತಿಲ್ಲ. ಎರಡು, ಕೊಂಡು ಮಾರುವ ಹಾರ್ಡ್‌ವೇರ್ ಅಂಗಡಿಗಳಿಗೆ 2021ರ ಜುಲೈಯಿಂದ ಉದ್ಯಮ್ ನೋಂದಣಿ ಸಿಗುತ್ತಿದ್ದರೂ ಅದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. 45 ದಿನದ ಸೌಲಭ್ಯ ಅವರಿಗೆ ಇಲ್ಲ.

ಗುತ್ತಿಗೆದಾರರಿಗೆ ನೆನಪಿಸಲು ತೆರಿಗೆಯ ಎರಡು ವಿಷಯಗಳೂ ಇವೆ. ನೋಂದಾಯಿತ ಸೂಕ್ಷ್ಮ, ಸಣ್ಣ ಘಟಕಗಳಿಗೆ ಮೇಲಿನ ಅವಧಿಯೊಳಗೆ ಹಣ ಕೊಡದಿದ್ದರೆ, ನಿಜವಾಗಿ ಕೊಡುವವರೆಗೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯಲಾಗದು. ಇದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಜಿ.ಎಸ್.ಟಿ. ಬಿಲ್ಲಿನ ಹಣವನ್ನು 180 ದಿನಗಳೊಳಗೆ ಕೊಡದಿದ್ದರೆ ಪಡೆದ ಇನ್‌ಪುಟ್ ತೆರಿಗೆಯನ್ನು ಹಿಂದಿರುಗಿಸಬೇಕು. ಈ ಎರಡನೆಯದು ಅಂಗಡಿಯವರ ಬಿಲ್ಲಿಗೂ ಅನ್ವಯ. ನೋಟೀಸಿಗಿಂತ ಮೊದಲು ಒಂದು ಮಾತಿನಲ್ಲಿ ಇದನ್ನು ಹೇಳಿದರೆ ಕೆಲವೊಮ್ಮೆ ಕೆಲಸ ಆಗುತ್ತದೆ.

6. ಚೆಕ್ಕು ಹಿಂದೆ ಬಂದರೆ

ಇಲ್ಲಿ ಗಡುವುಗಳು ವರ್ಷದ ಲೆಕ್ಕದಲ್ಲಿಲ್ಲ, ದಿನದ ಲೆಕ್ಕದಲ್ಲಿವೆ.

ಚೆಕ್ಕನ್ನು ಅದರ ಮೇಲಿನ ತಾರೀಕಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು.

ಹಣ ಇಲ್ಲವೆಂದು ಹಿಂದೆ ಬಂದ ಮಾಹಿತಿ ಬ್ಯಾಂಕಿನಿಂದ ಸಿಕ್ಕಿದ 30 ದಿನಗಳೊಳಗೆ ಲಿಖಿತ ನೋಟೀಸು ಕಳುಹಿಸಬೇಕು.

ನೋಟೀಸು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ.

ಆ 15 ದಿನ ಮುಗಿದ ಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು.

ಮಾರ್ಚ್ 3ರಂದು ಬ್ಯಾಂಕಿನ ಮೆಮೋ ಸಿಕ್ಕಿದರೆ ಏಪ್ರಿಲ್ 2ರೊಳಗೆ ನೋಟೀಸು ಹೋಗಬೇಕು. ಅದು ಏಪ್ರಿಲ್ 8ರಂದು ತಲುಪಿದರೆ 23ರವರೆಗೆ ಅವರ ಸಮಯ. ದೂರನ್ನು ಮೇ 23ರೊಳಗೆ ಹಾಕಿಬಿಡಿ. ದೂರು ತಡವಾದರೆ ಸರಿಯಾದ ಕಾರಣವಿದ್ದಲ್ಲಿ ಕೋರ್ಟು ಒಪ್ಪಬಹುದು. ಆದರೆ ನೋಟೀಸಿನ 30 ದಿನ ತಪ್ಪಿದರೆ ಆ ನೋಟೀಸಿನ ಮೇಲೆ ದೂರು ನಿಲ್ಲದು.

ಗಡಿನಾಡಿನವರಿಗೆ ಒಂದು ಅನುಕೂಲವಿದೆ. 2015ರ ತಿದ್ದುಪಡಿಯ ನಂತರ, ಚೆಕ್ಕನ್ನು ನಮ್ಮ ಖಾತೆಗೆ ಹಾಕಿದ್ದರೆ ನಮ್ಮ ಖಾತೆ ಇರುವ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲೇ ದೂರು ಕೊಡಬೇಕು. ಪೆರ್ಲದಲ್ಲಿ ಖಾತೆ ಇದ್ದರೆ ಪುತ್ತೂರಿಗೆ ಅಲೆಯಬೇಕಿಲ್ಲ. ಎರಡೂ ರಾಜ್ಯಗಳಲ್ಲಿ ಖಾತೆ ಇರುವವರು ಯಾವ ಖಾತೆಗೆ ಚೆಕ್ಕು ಹಾಕುತ್ತೇವೆ ಎಂದು ಮೊದಲೇ ಯೋಚಿಸುವುದು ಒಳ್ಳೆಯದು.

7. ದಾವೆ ಎಲ್ಲಿ, ಯಾರ ಮೇಲೆ?

ಸಿವಿಲ್ ದಾವೆಯನ್ನು ಎದುರಾಳಿ ವಾಸ ಅಥವಾ ವ್ಯಾಪಾರ ಮಾಡುವ ಕಡೆ, ಇಲ್ಲವೇ ವ್ಯವಹಾರದ ಒಂದು ಭಾಗ ನಡೆದ ಕಡೆ ಹೂಡಬಹುದು. ಆರ್ಡರು ಎಲ್ಲಿ ಒಪ್ಪಿದ್ದು, ಸಾಮಾನು ಎಲ್ಲಿ ಇಳಿದದ್ದು, ಹಣ ಎಲ್ಲಿ ಬರಬೇಕಾದ್ದು ಎಂಬುದನ್ನು ಬಿಲ್ಲು ತೋರಿಸುವಂತಿರಲಿ. ಕಾಸರಗೋಡಿನಲ್ಲಿ ಸಿಕ್ಕಿದ ಡಿಕ್ರಿಯನ್ನು, ಎದುರಾಳಿಯ ಆಸ್ತಿ ಕರ್ನಾಟಕದಲ್ಲಿದ್ದರೆ, ಅಲ್ಲಿನ ಕೋರ್ಟಿಗೆ ವರ್ಗಾಯಿಸಿ ಜಾರಿ ಮಾಡಿಸಬಹುದು. ಡಿಕ್ರಿ ಜಾರಿಗೆ 12 ವರ್ಷ ಇದೆ.

ದಾವೆ ಯಾರ ಮೇಲೆ ಎಂಬುದು ಇನ್ನೂ ಮುಖ್ಯ. ಸಾಮಾನು ಕೇಳಿದ್ದು ಗುತ್ತಿಗೆದಾರ, ಬಿಲ್ಲು ಅವರ ಹೆಸರಲ್ಲಿ, ಮನೆ ಮಾತ್ರ ಬೇರೆಯವರದು ಎಂದಾದರೆ ಬಾಕಿ ಗುತ್ತಿಗೆದಾರರದೇ. ಯಜಮಾನರು ಗುತ್ತಿಗೆದಾರರಿಗೆ ಪೂರ್ತಿ ಹಣ ಕೊಟ್ಟಿದ್ದರೆ ನಮಗೆ ಅವರನ್ನು ಹಿಡಿಯಲು ಸಾಮಾನ್ಯವಾಗಿ ದಾರಿ ಇಲ್ಲ. ಮನೆಯನ್ನು ನೋಡಿ ಸಾಲ ಕೊಡುವ ರೂಢಿ ನಮ್ಮಲ್ಲಿದೆ. ಕಾನೂನು ನೋಡುವುದು ಬಿಲ್ಲಿನ ಹೆಸರನ್ನು. ಆರಂಭದಲ್ಲೇ ಯಜಮಾನರಿಂದ "ಗುತ್ತಿಗೆದಾರರು ಕೊಡದಿದ್ದರೆ ನಾನು ಕೊಡುತ್ತೇನೆ" ಎಂಬ ಒಂದು ಜಾಮೀನು ಪತ್ರ ಪಡೆದರೆ ಮುಂದಿನ ಎಷ್ಟೋ ತಲೆಬಿಸಿ ತಪ್ಪುತ್ತದೆ. ರಸ್ತೆ, ಶಾಲಾ ಕಟ್ಟಡ ಮುಂತಾದ ಸರ್ಕಾರಿ ಕಾಮಗಾರಿಯ ಗುತ್ತಿಗೆದಾರರಿಗೆ ಕೊಟ್ಟ ಸಾಮಾನಿಗೂ ಇದೇ ಮಾತು. ಇಲಾಖೆಯಿಂದ ಗುತ್ತಿಗೆದಾರರಿಗೆ ಬರಬೇಕಾದ ಬಿಲ್ಲಿನ ಹಣವನ್ನು ಕೋರ್ಟಿನ ಮೂಲಕ ಜಪ್ತಿ ಮಾಡಿಸಲು ಅವಕಾಶವಿದೆ. ಅದಕ್ಕೆ ಮೊದಲು ದಾವೆ ಹೂಡಿರಬೇಕು.

ಹೊರಡುವ ಮೊದಲು ನೋಡಬೇಕಾದ ನಾಲ್ಕು ವಿಷಯಗಳು:

ಅಣ್ಣತಮ್ಮಂದಿರು ಸೇರಿ ನಡೆಸುವ ಪಾಲುದಾರಿಕೆ ಅಂಗಡಿ ನೋಂದಣಿಯಾಗಿರದಿದ್ದರೆ, ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾಗದು (1932ರ ಪಾಲುದಾರಿಕೆ ಕಾಯ್ದೆ, 69ನೇ ಕಲಮು). ದಾವೆಗೆ ಮೊದಲೇ ನೋಂದಣಿ ಮಾಡಿಸಿ.

ಬಾಕಿ 3 ಲಕ್ಷ ಅಥವಾ ಹೆಚ್ಚಿದ್ದು ವಾಣಿಜ್ಯ ವಿವಾದವಾದರೆ, ತುರ್ತು ಪರಿಹಾರ ಕೇಳುವ ಸಂದರ್ಭ ಬಿಟ್ಟು, ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ. ಅದನ್ನು ತಪ್ಪಿಸಿದರೆ ದಾವೆ ತಿರಸ್ಕೃತವಾಗುತ್ತದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಈ ಮಧ್ಯಸ್ಥಿಕೆಯ ಕಾಲವನ್ನು ಮೂರು ವರ್ಷದಿಂದ ಕಳೆಯಬಹುದು.

ಸರ್ಕಾರಿ ಇಲಾಖೆಗೆ ನೇರವಾಗಿ ಸಾಮಾನು ಕೊಟ್ಟಿದ್ದರೆ ದಾವೆಗೆ ಎರಡು ತಿಂಗಳು ಮೊದಲು ನೋಟೀಸು ಕೊಡಬೇಕು. ಈ ಕಾಲವನ್ನೂ ಕಳೆಯಬಹುದು. ಪಂಚಾಯತಿಗೆ ಕೊಟ್ಟಿದ್ದರೆ ಪಂಚಾಯತ್ ರಾಜ್ ಕಾಯ್ದೆಯಲ್ಲೂ ನೋಟೀಸಿನ ನಿಯಮವಿದೆ, ವಕೀಲರನ್ನು ಕೇಳಿ.

ಕೊಂಡವರು ಕಂಪನಿಯಾಗಿದ್ದು ಅದು ದಿವಾಳಿ ಪ್ರಕ್ರಿಯೆಗೆ ಹೋದರೆ, ಪತ್ರಿಕೆಯಲ್ಲಿ ಬರುವ ಸಾರ್ವಜನಿಕ ಪ್ರಕಟಣೆಯನ್ನು ಗಮನಿಸಿ ಅದರಲ್ಲಿ ಹೇಳಿದ ದಿನದೊಳಗೆ ನಮ್ಮ ಬಾಕಿಯ ಹಕ್ಕನ್ನು ಸಲ್ಲಿಸಬೇಕು. ಸಾಮಾನ್ಯವಾಗಿ ಸಿಗುವುದು 14 ದಿನ.

8. ರಾಜಿ ಮಾತುಕತೆ ಮತ್ತು ಉಚಿತ ಕಾನೂನು ನೆರವು

ತಾಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್‌ಗೆ, ಕೇಸು ಹಾಕುವ ಮೊದಲೂ, ಅರ್ಜಿ ಕೊಡಬಹುದು. ಅಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಮೇಲ್ಮನವಿ ಇಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಹೆಂಡತಿಯ ಹೆಸರಲ್ಲಿ ಅಂಗಡಿ ಇರುವವರು ಇದನ್ನು ಗಮನಿಸಬೇಕು.

ಊರಿನ ಹಿರಿಯರ ಮುಂದೆ ಮಾತುಕತೆ, ವಕೀಲರ ನೋಟೀಸು, ಪೊಲೀಸ್ ಠಾಣೆಗೆ ದೂರು, ಇವು ಯಾವುದೂ ಮೂರು ವರ್ಷದ ಗಡಿಯಾರವನ್ನು ನಿಲ್ಲಿಸುವುದಿಲ್ಲ. ರಾಜಿಗೆ ಕುಳಿತ ದಿನವೇ ಬಾಕಿ ಒಪ್ಪಿದ ಪತ್ರಕ್ಕೆ ಸಹಿ ಪಡೆದುಬಿಡಿ. ರಾಜಿ ಮುರಿದರೂ ಗಡುವು ಉಳಿಯುತ್ತದೆ.

ಕಾಸರಗೋಡಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾಗಿ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಲು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದೆ. ಮಲಯಾಳಂ ಬರುವುದಿಲ್ಲ ಎಂಬ ಸಂಕೋಚದಿಂದ ಅರ್ಜಿ ಕೊಡುವುದನ್ನು ಮುಂದೂಡಬೇಡಿ.

ಗೋಡೆಗೆ ಅಂಟಿಸಿಡಲು

- ಚೆಕ್ಕು ಹಾಕಲು: 3 ತಿಂಗಳು
- ಚೆಕ್ಕಿನ ನೋಟೀಸು: 30 ದಿನ, ಅವರ ಸಮಯ: 15 ದಿನ, ದೂರು: ಆಮೇಲೆ ಒಂದು ತಿಂಗಳು
- ಸಣ್ಣ ತಯಾರಕರಿಗೆ ಹಣ ಬರಬೇಕಾದ್ದು: 15 ದಿನ, ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ
- ಜಿ.ಎಸ್.ಟಿ. ಬಿಲ್ಲು: 180 ದಿನ
- ಸಾಮಾನಿನ ಬಾಕಿಗೆ ದಾವೆ: ತಲುಪಿಸಿದ ದಿನದಿಂದ, ಇಲ್ಲವೇ ಬರೆದ ಸಾಲದ ಅವಧಿ ಮುಗಿದ ದಿನದಿಂದ 3 ವರ್ಷ
- ಕೂಲಿಯ ಬಾಕಿಗೆ ದಾವೆ: ಕೆಲಸ ಮುಗಿದ ದಿನದಿಂದ 3 ವರ್ಷ
- ಸಹಿ ಮಾಡಿದ ಒಪ್ಪಿಗೆ ಅಥವಾ ಸಹಿ ಇರುವ ಭಾಗಶಃ ಪಾವತಿ: ಅಂದಿನಿಂದ ಹೊಸ 3 ವರ್ಷ
- ಡಿಕ್ರಿ ಜಾರಿ: 12 ವರ್ಷ

ಪ್ರತಿ ವರ್ಷ ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸುವಾಗ ಒಂದು ವರ್ಷ ದಾಟಿದ ಎಲ್ಲ ಬಾಕಿಗಳ ಪಟ್ಟಿ ಮಾಡಿ. ಪತ್ತನಾಜೆಯೊಳಗೆ ಆ ಗಿರಾಕಿಗಳ ಸಹಿ ಪಡೆಯುವ ಕ್ರಮ ಇಟ್ಟುಕೊಂಡರೆ ಯಾವ ಬಾಕಿಯೂ ಕಣ್ತಪ್ಪಿ ಹೋಗುವುದಿಲ್ಲ. ಸಹಿ ಕೊಡಲು ಹಿಂಜರಿಯುವವರ ವಿಷಯದಲ್ಲಿ ವಕೀಲರನ್ನು ಕಾಣಲು ಆಗ ಇನ್ನೂ ಒಂದಷ್ಟು ತಿಂಗಳು ಕೈಯಲ್ಲಿರುತ್ತದೆ.

ಇದು ಸಾಮಾನ್ಯ ಮಾಹಿತಿ. ಪ್ರತಿಯೊಂದು ವ್ಯವಹಾರದ ಕಾಗದಪತ್ರ ಬೇರೆ ಬೇರೆ ಇರುವುದರಿಂದ, ಗಡುವು ಹತ್ತಿರ ಬಂದಿದ್ದರೆ ಬಿಲ್ಲು, ಡೆಲಿವರಿ ಚೀಟಿ, ಲೆಕ್ಕದ ಪುಸ್ತಕ, ಬ್ಯಾಂಕಿನ ವಿವರ ಹಿಡಿದುಕೊಂಡು ನಿಮ್ಮ ವಕೀಲರನ್ನು ಕೂಡಲೇ ಕಾಣಿರಿ. ಅಂಗಡಿ, ವರ್ಕ್‌ಶಾಪು ನಡೆಸುವ ಪರಿಚಯದವರಿಗೂ ಈ ಪುಟವನ್ನು ತೋರಿಸಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.